ಅಡಾಸ್ ಕಾರಿನವರಿಗೆ: ಗೊಟಗೋಡಿ ದಾಟುವ ಮುನ್ನ ಮಾಡಬೇಕಾದ್ದು, ಮಾಡಬಾರದ್ದು

ಈ ಸೂಚನೆ ಮೂರು ತರಹದ ಜನರಿಗೆ. ಹೊಸ ಕಾರು ತಂದು ಅದರಲ್ಲಿ ‘ಅಡಾಸ್’ ಇದೆ ಎಂದು ಬೀಗರಿಗೆಲ್ಲ ಫೋನು ಮಾಡಿ ಹೇಳಿದವರಿಗೆ. ಅದು ಇದೆ ಎಂದು ಗೊತ್ತಿದ್ದೂ ಒಂದು ದಿನವೂ ಆನ್ ಮಾಡದವರಿಗೆ. ಆನ್ ಮಾಡಿ, ನಾಲ್ಕು ಸಲ ಕುಂಯ್‌ಗುಟ್ಟಿತೆಂದು ಸಿಟ್ಟಿಗೆದ್ದು ಎಲ್ಲವನ್ನೂ ಬಂದ್ ಮಾಡಿಟ್ಟವರಿಗೆ. ಹುಬ್ಬಳ್ಳಿಯಿಂದ ಹಾವೇರಿಗೆ ಹೋಗುವ ರಾಷ್ಟ್ರೀಯ ಹೆದ್ದಾರಿ 48 ನಮ್ಮ ಗೊಟಗೋಡಿಯ ಮಗ್ಗುಲಲ್ಲೇ ಹಾಯುತ್ತದೆ. ಉತ್ಸವ ರಾಕ್ ಗಾರ್ಡನ್ ನೋಡಲು ಬರುವವರು, ಜಾನಪದ ವಿಶ್ವವಿದ್ಯಾಲಯಕ್ಕೆ ಬರುವವರು, ಶಿಗ್ಗಾವಿ ಸಂತೆಗೆ ಹೊರಟವರು, ಎಲ್ಲರಿಗೂ ಇದೇ ರಸ್ತೆ. ನಿಯಮವೂ ಒಂದೇ.

ಮೊದಲು ಈ ಅಡಾಸ್, ಅಂದರೆ ಚಾಲಕನಿಗೆ ನೆರವಾಗುವ ವ್ಯವಸ್ಥೆ, ಏನೆಂದು ತಿಳಿಯಿರಿ. ಮುಂದಿನ ಗಾಜಿನ ಮೇಲ್ತುದಿಯಲ್ಲಿ, ಒಳಗನ್ನಡಿಯ ಹಿಂದೆ, ಒಂದು ಕ್ಯಾಮೆರಾ. ಮುಂದಿನ ಬಂಪರಿನಲ್ಲೋ ಜಾಲರಿಯ ಹಿಂದೆಯೋ ಒಂದು ರೇಡಾರ್. ಕ್ಯಾಮೆರಾ ರಸ್ತೆಯ ಬಿಳಿ ಪಟ್ಟಿಯನ್ನೂ ವಾಹನ, ಮನುಷ್ಯರ ಆಕಾರವನ್ನೂ ಗುರುತಿಸುತ್ತದೆ. ಮುಂದಿನ ಗಾಡಿ ಎಷ್ಟು ದೂರದಲ್ಲಿದೆ, ಎಷ್ಟು ವೇಗದಲ್ಲಿದೆ ಎಂದು ರೇಡಾರ್ ಅಳೆಯುತ್ತದೆ. ಎರಡನ್ನೂ ಕೂಡಿಸಿ ಕಾರಿನ ಕಂಪ್ಯೂಟರ್ ಬ್ರೇಕ್ ಒತ್ತುತ್ತದೆ, ಸ್ಟಿಯರಿಂಗ್ ತುಸು ಎಳೆಯುತ್ತದೆ, ವೇಗ ಏರಿಸಿ ಇಳಿಸುತ್ತದೆ. 2021ರಲ್ಲಿ ಎಂಜಿ ಆಸ್ಟರ್, ಮಹೀಂದ್ರಾ ಎಕ್ಸ್‌ಯುವಿ700 ಇದನ್ನು ಮಧ್ಯಮ ವರ್ಗದ ಕೈಗೆಟುಕುವ ಹತ್ತಿರಕ್ಕೆ ತಂದವು. 2023ರಲ್ಲಿ ವರ್ನಾ, ಸೆಲ್ಟೋಸ್, ಹ್ಯಾರಿಯರ್, 2024ರಲ್ಲಿ ಕ್ರೆಟಾ ಅಡಾಸ್ ಹಾಕಿಕೊಂಡು ಬಂದವು. ತಾನಾಗಿ ಓಡುವ ಗಾಡಿಗಳನ್ನು ಸೊನ್ನೆಯಿಂದ ಐದರವರೆಗೆ ಆರು ಮಟ್ಟಗಳಲ್ಲಿ ಅಳೆಯುತ್ತಾರೆ. ಇವೆಲ್ಲ ಹೆಚ್ಚೆಂದರೆ ಎರಡನೆಯದು. ಎರಡನೆಯ ಮಟ್ಟದಲ್ಲಿ ಕಾರು ನಿಮಗೆ ನೆರವಾಗುತ್ತದೆ, ನಿಮ್ಮ ಬದಲು ಓಡಿಸುವುದಿಲ್ಲ. ಶೋರೂಮಿನ ಹುಡುಗ ‘ಸರ್, ತಾನೇ ಓಡ್ತದ’ ಎಂದಿದ್ದರೆ ಅವನು ಹೇಳಿದ್ದು ಮಾರಾಟದ ಮಾತು.

ಆನ್ ಮಾಡುವ ಮುನ್ನ

ಕಾರು ಕೈಗೆ ಬರುವ ದಿನ ಹೂಮಾಲೆ ಹಾಕಿ ಫೋಟೋ ತೆಗೆಸುವುದಕ್ಕಿಂತ ಮೊದಲು ಒಂದು ತಾಸು ಶೋರೂಮಿನವರನ್ನು ಪಕ್ಕದಲ್ಲಿ ಕೂಡಿಸಿಕೊಳ್ಳಿ. ಆನ್ ಮಾಡುವುದು ಹೇಗೆಂದು ಆಮೇಲೆ ಕೇಳಿ, ಬಿಡಿಸುವುದು ಹೇಗೆಂದು ಮೊದಲು ಕೇಳಿ. ಹೊಂದಿಸಿದ ವೇಗ ಕಾಯುವ ‘ಕ್ರೂಸ್’ ರದ್ದಾಗುವ ಗುಂಡಿ ಯಾವುದು, ಬ್ರೇಕ್ ಮುಟ್ಟಿದರೆ ಯಾವುದು ಬಿಡುತ್ತದೆ, ಯಾವುದು ಬಿಡುವುದಿಲ್ಲ, ಪರದೆಯ ಮೇಲೆ ಸ್ಟಿಯರಿಂಗ್ ಚಿತ್ರ ಹಸಿರಾಗಿದ್ದರೆ ಏನು, ಬಣ್ಣ ಬದಲಾದರೆ ಏನು. ಇಷ್ಟನ್ನು ಬಾಯಿಪಾಠ ಮಾಡಿ. ಮನೆಯಲ್ಲಿ ಕಾರು ಓಡಿಸುವ ಪ್ರತಿಯೊಬ್ಬರಿಗೂ ಇದೇ ಪಾಠ ಆಗಬೇಕು. ಮಗನಿಗೆ ಗೊತ್ತಿದೆ ಎಂದು ಅಪ್ಪ ಸುಮ್ಮನಿರಬಾರದು.

ಮೊದಲ ಅಭ್ಯಾಸ ಹಗಲಲ್ಲಿ, ಒಬ್ಬರೇ, ಸಂದಣಿಯಿಲ್ಲದ ಹೊತ್ತಿನಲ್ಲಿ ಆಗಲಿ. ಮನೆಮಂದಿಯನ್ನು ಕೂಡಿಸಿಕೊಂಡು ಶಿಶುವಿನಹಾಳಕ್ಕೆ ಹೊರಟ ದಿನ ಪ್ರಯೋಗ ಬೇಡ.

ತಾನಾಗಿ ಬ್ರೇಕ್ ಹಾಕುವ ವ್ಯವಸ್ಥೆಯನ್ನು ಬಂದ್ ಮಾಡಲೇಬಾರದು. ಅದು ಬೇಗ ಎಚ್ಚರಿಸಬೇಕೋ ತಡವಾಗಿ ಎಚ್ಚರಿಸಬೇಕೋ ಎಂಬ ಆಯ್ಕೆ ಹೆಚ್ಚಿನ ಕಾರುಗಳಲ್ಲಿದೆ. ಕಿರಿಕಿರಿ ಆದರೆ ಅದನ್ನು ಬದಲಿಸಿ. ಬಂದ್ ಮಾಡಲು ಎರಡೇ ಸಂದರ್ಭಗಳಿವೆ: ಕೆಟ್ಟ ಕಾರನ್ನು ಹಗ್ಗ ಕಟ್ಟಿ ಎಳೆಸುವಾಗ, ಇಲ್ಲವೇ ಕಂಪನಿಯ ಕೈಪಿಡಿ ಬೇರೆ ಯಾವುದಾದರೂ ಸಂದರ್ಭಕ್ಕೆ ಹೇಳಿದ್ದರೆ ಆಗ. ಮತ್ತೊಂದು ಮಾತು. ಗಂಟೆಗೆ 80 ಕಿ.ಮೀ. ದಾಟಿದಾಗ ಆಗಾಗ, 120 ದಾಟಿದರೆ ಬಿಡದೆ ಕೂಗುವ ಸದ್ದು ಅಡಾಸ್ ಅಲ್ಲ. ಅದು 2019ರ ಜುಲೈ 1ರಿಂದ ಎಲ್ಲ ಹೊಸ ಕಾರುಗಳಿಗೂ ಕಡ್ಡಾಯವಾದ ವೇಗದ ಎಚ್ಚರಿಕೆ. ಅದನ್ನು ಮುರಿಸಲು ಮೆಕ್ಯಾನಿಕ್ ಹುಡುಕಿಕೊಂಡು ಹೋಗಬೇಡಿ.

ಹೆದ್ದಾರಿಯಲ್ಲಿ

ಲೇನ್ ಬದಲಿಸುವಾಗ ಇಂಡಿಕೇಟರ್ ಹಾಕಲೇಬೇಕು. ಹಾಕದೆ ಗೆರೆ ದಾಟಿದರೆ ನೀವು ತೂಕಡಿಸುತ್ತಿದ್ದೀರಿ ಎಂದು ಕಾರು ತಿಳಿದು ಸ್ಟಿಯರಿಂಗನ್ನು ಹಿಂದಕ್ಕೆ ಎಳೆಯುತ್ತದೆ. ಕಬ್ಬಿನ ಟ್ರ್ಯಾಕ್ಟರ್ ಹಿಂದಿಕ್ಕುವ ಹೊತ್ತಿನಲ್ಲಿ ಕೈಯೊಳಗಿನ ಚಕ್ರ ಎದುರು ಎಳೆದರೆ ಹೊಸಬರು ಗಾಬರಿಯಾಗುತ್ತಾರೆ. ಮೂವತ್ತು ವರ್ಷ ಆರ್‌ಟಿಒ ಕಚೇರಿಯಿಂದ ಕಲಿಸಲಾಗದ ಇಂಡಿಕೇಟರ್ ಪಾಠವನ್ನು ಈ ಯಂತ್ರ ಮೂರು ದಿನದಲ್ಲಿ ಕಲಿಸುತ್ತದೆ. ಇದೊಂದಕ್ಕೇ ಅದಕ್ಕೊಂದು ನಮಸ್ಕಾರ ಹೇಳಬಹುದು. ಆದರೆ ಮುಂದಿನ ಲಾರಿಯವನು ‘ನೀ ಹೋಗಪಾ ಮುಂದ’ ಎಂದು ಹಾಕುವ ಬಲಗಡೆ ಇಂಡಿಕೇಟರ್ ನಮ್ಮ ದಾರಿಯ ಭಾಷೆ. ಅದು ಕಾರಿಗೆ ತಿಳಿಯದು. ಅವನು ನಿಜವಾಗಿ ಬಲಕ್ಕೆ ತಿರುಗುತ್ತಾನೋ, ನಿಮಗೆ ದಾರಿ ಬಿಡುತ್ತಾನೋ ಎಂದು ನೀವೇ ನೋಡಿ ತೀರ್ಮಾನಿಸಬೇಕು.

ಮುಂದಿನ ಗಾಡಿಗೆ ಅಂತರ ಕಾಯುವ ಕ್ರೂಸನ್ನು ಫಲಕದಲ್ಲಿ ಬರೆದ ವೇಗದ ಒಳಗೇ ಹೊಂದಿಸಿ. ರಾಜ್ಯದಲ್ಲಿ 130 ಕಿ.ಮೀ. ಮೀರಿದವರ ಮೇಲೆ 2024ರ ಆಗಸ್ಟ್ 1ರಿಂದ ಎಫ್‌ಐಆರ್ ದಾಖಲಾಗುತ್ತಿದೆ. ‘ಕ್ರೂಸ್ ಹಾಕಿದ್ದೆ ಸರ್’ ಎಂಬುದು ಪೊಲೀಸರ ಮುಂದೆ ಉತ್ತರವಾಗದು. ಪರದೆಯ ಮೇಲಿನ ಅಂತರದ ಗೀಟುಗಳಲ್ಲಿ ಎಲ್ಲಕ್ಕಿಂತ ದೊಡ್ಡದನ್ನೇ ಇಟ್ಟುಕೊಳ್ಳಿ. ನಡುವೆ ಬೈಕಿನವನು ನುಗ್ಗಿದರೆ ನುಗ್ಗಲಿ.

ಮುಂದಿನ ಗಾಡಿ ಪಕ್ಕಕ್ಕೆ ಸರಿದ ಕೂಡಲೇ ಕಾಲು ಬ್ರೇಕಿನ ಮೇಲೆ ಇರಬೇಕು. ನಾನು ಇದನ್ನು ಕಲಿತದ್ದು ಅಳಿಯನ ಕಾರಿನಲ್ಲಿ. ತಡಸ ದಾಟಿದ ಮೇಲೆ ‘ಮಾವಾ, ಕಾಲು ತಗದೀನಿ ನೋಡ್ರಿ, ಎಲ್ಲಾ ಅದ ಮಾಡ್ತೈತಿ’ ಎಂದು ತೋರಿಸುತ್ತಿದ್ದ. ಮುಂದೆ ಗೋವಿನಜೋಳದ ಚೀಲ ಹೇರಿದ ಲಾರಿ, ಅದರ ಹಿಂದೆ ನಾವು ಅರವತ್ತರಲ್ಲಿ. ಲಾರಿ ಎಡಕ್ಕೆ ಸರ್ವಿಸ್ ರಸ್ತೆಗೆ ಇಳಿಯಿತು. ಎದುರು ದಾರಿ ಖಾಲಿ ಎಂದುಕೊಂಡ ಕಾರು, ಅವನು ಮೊದಲೇ ಹೊಂದಿಸಿದ್ದ ತೊಂಬತ್ತಕ್ಕೆ ಜಿಗಿಯತೊಡಗಿತು. ಖಾಲಿ ಇರಲಿಲ್ಲ. ಲಾರಿಯ ಮರೆಯಲ್ಲಿದ್ದ ಒಂದು ಟ್ರೇಲರ್ ಹೆಜ್ಜೆ ಹೆಜ್ಜೆಗೂ ಕುಂಟುತ್ತ ಹೊರಟಿತ್ತು. ‘ಬ್ರೇಕ್ ಹೊಡಿಯೋ’ ಎಂದು ಕೂಗಿದ್ದು ನಾನು, ಕಾರಲ್ಲ. ಅದು ಕೂಗಿದ್ದು ನಮ್ಮ ಕಾಲು ಬಿದ್ದ ಮೇಲೆ. ಆ ದಿನದಿಂದ ನಮ್ಮ ಮನೆಯಲ್ಲಿ ಕಟ್ಟಳೆ: ಸರ್ವಿಸ್ ರಸ್ತೆಯ ಬಾಯಿ, ಟೋಲ್, ರಸ್ತೆ ಕೆಲಸದ ಡೈವರ್ಷನ್, ಊರಿನ ಕ್ರಾಸ್ ಕಂಡರೆ ಮೊದಲು ಕ್ರೂಸ್ ರದ್ದು, ಆಮೇಲೆ ಮಾತು.

ನಿಂತ ಲಾರಿ

ಈ ಸೂಚನೆಯಲ್ಲಿ ಒಂದೇ ಭಾಗ ಓದುವ ಪುರುಸೊತ್ತಿದ್ದರೆ ಇದನ್ನು ಓದಿ.

2024ರ ಜೂನ್ 28ರ ನಸುಕಿನಲ್ಲಿ, ಇದೇ ಹೆದ್ದಾರಿಯಲ್ಲಿ, ಬ್ಯಾಡಗಿ ತಾಲ್ಲೂಕಿನ ಗುಂಡೇನಹಳ್ಳಿ ಕ್ರಾಸ್ ಬಳಿ ನಿಂತಿದ್ದ ಲಾರಿಗೆ ಟೆಂಪೊ ಟ್ರಾವೆಲರ್ ಒಂದು ಹಿಂದಿನಿಂದ ಗುದ್ದಿತು. ದೇವರ ದರ್ಶನ ಮುಗಿಸಿ ಭದ್ರಾವತಿ ತಾಲ್ಲೂಕಿನ ಎಮ್ಮೆಹಟ್ಟಿಗೆ ಮರಳುತ್ತಿದ್ದವರಲ್ಲಿ 13 ಮಂದಿ ತೀರಿಕೊಂಡರು. ಅದು ಅಡಾಸ್ ಕಾರಲ್ಲ. ಆದರೂ ಇಲ್ಲಿ ಹೇಳುತ್ತಿರುವುದಕ್ಕೆ ಕಾರಣವಿದೆ. ಅಡಾಸ್ ಇದ್ದವರು ‘ನಮ್ಮ ಕಾರಾದರೆ ತಾನೇ ನಿಲ್ಲುತ್ತಿತ್ತು’ ಎಂದು ಅಂದುಕೊಳ್ಳುವುದು ಇಂಥ ಸುದ್ದಿ ಓದಿದಾಗಲೇ. ಹಾಗೆ ನಂಬಿ ಕೂಡಬಾರದು.

ರೇಡಾರಿಗೆ ಓಡುವ ವಸ್ತು ಸುಲಭ, ನಿಂತ ವಸ್ತು ಕಷ್ಟ. ರಸ್ತೆ ಬದಿಯ ಕಬ್ಬಿಣದ ತಡೆ, ಫಲಕದ ಕಂಬ, ಮೇಲ್ಸೇತುವೆ, ಬಿದ್ದ ಡಬ್ಬಿ, ಎಲ್ಲವೂ ಅದಕ್ಕೆ ನಿಂತ ಲೋಹವೇ. ಪ್ರತಿಯೊಂದಕ್ಕೂ ಬ್ರೇಕ್ ಹಾಕುತ್ತ ಹೋದರೆ ಕಾರು ಫರ್ಲಾಂಗಿಗೊಮ್ಮೆ ನಿಂತೀತು. ಅದಕ್ಕೆಂದೇ ಹೆಚ್ಚು ವೇಗದಲ್ಲಿ ಇಂಥ ಎಷ್ಟೋ ನಿಂತ ಗುರುತುಗಳನ್ನು ಕಂಪ್ಯೂಟರ್ ಪಕ್ಕಕ್ಕೆ ಸರಿಸುತ್ತದೆ. ಉಳಿದದ್ದು ಕ್ಯಾಮೆರಾದ ಮೇಲೆ. ಹಿಂದಿನ ದೀಪವಿಲ್ಲದ, ರಿಫ್ಲೆಕ್ಟರ್ ಇಲ್ಲದ, ಮಣ್ಣು ಮೆತ್ತಿದ ಲಾರಿ ಕತ್ತಲಲ್ಲಿ ಕ್ಯಾಮೆರಾಗೆ ಕಾಣುವುದು ನಿಮ್ಮ ಕಣ್ಣಿಗೆ ಕಾಣುವಷ್ಟೇ, ಒಮ್ಮೊಮ್ಮೆ ಅದಕ್ಕಿಂತ ಕಡಿಮೆ. ಕಂಡ ಮೇಲೂ ಬ್ರೇಕಿಗೆ ಮಿತಿ ಇದೆ. ನೂರರ ವೇಗದಲ್ಲಿ ಕಾರು ಒಂದು ಸೆಕೆಂಡಿಗೆ 28 ಮೀಟರ್ ಹೋಗುತ್ತದೆ. ಅಡಾಸ್ ಪೆಟ್ಟನ್ನು ತಪ್ಪಿಸದೆ ಬರೀ ಕಡಿಮೆ ಮಾಡುವುದೂ ಉಂಟು ಎಂದು ಕಂಪನಿಯ ಕೈಪಿಡಿಗಳೇ ಹೇಳುತ್ತವೆ. ಆ ಪುಟವನ್ನು ಯಾರೂ ಓದುವುದಿಲ್ಲ.

ಹಾಗಾಗಿ ರಾತ್ರಿ ಹತ್ತರಿಂದ ಬೆಳಗಿನ ಐದರವರೆಗೆ ಕ್ರೂಸ್ ಬೇಡ. ಮಳೆಯಲ್ಲಿ ಬೇಡ. ಎಡಗಡೆಯ ಲೇನಿನಲ್ಲಿ ಅಂತೂ ಬೇಡವೇ ಬೇಡ, ನಿಲ್ಲುವ ಲಾರಿಗಳೆಲ್ಲ ನಿಲ್ಲುವುದು ಅಲ್ಲೇ. ಸ್ಟಿಯರಿಂಗ್ ಮೇಲೆ ಎರಡೂ ಕೈ. ನಿದ್ದೆ ಬಂದರೆ, ವಿಶ್ರಾಂತಿ ತಗೊಳ್ಳಿ ಎಂದು ಕಾರು ಪರದೆಯ ಮೇಲೆ ತೋರಿಸುವ ಕಾಫಿ ಲೋಟದ ಚಿತ್ರಕ್ಕೆ ಕಾಯಬಾರದು. ದಾಬಾ ಸಿಕ್ಕಲ್ಲಿ, ಹೆದ್ದಾರಿಯಿಂದ ಕೆಳಗಿಳಿಸಿ, ಅರ್ಧ ತಾಸು ಮಲಗಬೇಕು.

ಇಷ್ಟೆಲ್ಲ ಮಾಡಿಯೂ ನಮ್ಮ ಕೈಯಲ್ಲಿಲ್ಲದ್ದು ಇದೆ. 2024ರ ಡಿಸೆಂಬರ್ 21ರಂದು ನೆಲಮಂಗಲ ಬಳಿ, ಇದೇ 48ರ ಹೆದ್ದಾರಿಯಲ್ಲಿ, ಸುರಕ್ಷತೆಗೆ ಹೆಸರಾದ ದೊಡ್ಡ ಕಾರಿನ ಮೇಲೆ ಕಂಟೇನರ್ ಮಗುಚಿ ಬಿದ್ದು ಒಂದೇ ಕುಟುಂಬದ ಆರು ಮಂದಿ ಹೋದರು. ಅಂಥದ್ದನ್ನು ತಡೆಯುವ ಗುಂಡಿ ಯಾವ ಕಾರಿನಲ್ಲೂ ಇಲ್ಲ. ನಮ್ಮ ಕೈಯಲ್ಲಿರುವುದು ಇಷ್ಟೇ: ಭಾರದ ಗಾಡಿಯ ಪಕ್ಕಕ್ಕೆ ಜೋಡಿಯಾಗಿ ಓಡದೆ, ದಾಟಿ ಹೋಗಬೇಕು, ಇಲ್ಲವೇ ಹಿಂದೆ ಉಳಿಯಬೇಕು.

ಊರೊಳಗೆ, ಹೊಲದ ದಾರಿಯಲ್ಲಿ

ಗೊಟಗೋಡಿಯ ಒಳಗೆ, ಬಂಕಾಪುರದ ಪೇಟೆಯಲ್ಲಿ, ಸವಣೂರಿನ ದಾರಿಯಲ್ಲಿ, ಹಾನಗಲ್ಲಿನ ಗದ್ದೆ ಬದಿಯಲ್ಲಿ ಲೇನ್ ಕಾಯುವುದನ್ನೂ ಕ್ರೂಸನ್ನೂ ಬಂದ್ ಮಾಡಿ. ಬಿಳಿ ಗೆರೆ ಇರುವಲ್ಲೇ ಅದಕ್ಕೆ ಕಷ್ಟ, ಇಲ್ಲಿ ಗೆರೆಯೇ ಇಲ್ಲ. ಬಿರುಕಿಗೆ ಸುರಿದ ಡಾಂಬರಿನ ಕಪ್ಪು ಪಟ್ಟಿಯನ್ನೋ, ಒಣಹಾಕಿದ ಗೋವಿನಜೋಳದ ಅಂಚನ್ನೋ ಅದು ಗೆರೆ ಎಂದುಕೊಂಡರೆ ಕೆಲಸ ಕೆಟ್ಟಿತು.

ದನ, ಎಮ್ಮೆ, ಕುರಿಹಿಂಡಿಗೆ ಕಾರು ನಿಲ್ಲುತ್ತದೆ ಎಂದು ಎಣಿಸಬಾರದು. ಕಾರಿನ ಕ್ಯಾಮೆರಾಗೆ ಕಲಿಸಿದ್ದು ಮುಖ್ಯವಾಗಿ ವಾಹನ, ನಡೆಯುವ ಮನುಷ್ಯ, ಸೈಕಲ್ ಸವಾರ. ಟಿ.ಬಿ. ಸೊಲಬಕ್ಕನವರ ಕಟ್ಟಿದ ರಾಕ್ ಗಾರ್ಡನ್ನಿನಲ್ಲಿ ಎತ್ತಿನ ಮೂರ್ತಿಯನ್ನು ನಿಜವೆಂದು ಹೆದರಿ ಅವ್ವನ ಸೆರಗು ಹಿಡಿದ ಮಕ್ಕಳನ್ನು ಕಂಡಿದ್ದೇನೆ. ಕಾರಿನ ತೊಂದರೆ ಇದರ ತಿರುಗಾಮುರುಗಾ. ಎದುರು ನಿಂತ ಜೀವಂತ ಎಮ್ಮೆಯನ್ನೂ ಅದು ಲೆಕ್ಕಕ್ಕೆ ತಗೊಳ್ಳದೆ ಹೋಗಬಹುದು. ಚಕ್ಕಡಿಯದ್ದೂ ಅದೇ ಕಥೆ. ಎತ್ತು, ಹೋರಿಗಳು ಬೀದಿಗಿಳಿಯುವ ಸಂಕ್ರಾಂತಿ, ಕಾರಹುಣ್ಣಿಮೆ, ದೀಪಾವಳಿಯ ಕೊಬ್ಬರಿ ಹೋರಿ ದಿನಗಳಲ್ಲಿ ಊರ ಒಳದಾರಿಗೆ ಕಾರು ತರುವುದೇ ತಪ್ಪು.

ಜನರ ನಡುವೆ ಕಾರು ಇದ್ದಕ್ಕಿದ್ದಂತೆ ತಾನೇ ಬ್ರೇಕ್ ಹಾಕುವುದುಂಟು. ನಿಮಗೆ ಒಳ್ಳೆಯದೇ, ಹಿಂದೆ ಅಂಟಿಕೊಂಡು ಬರುವ ಬೈಕಿನವನಿಗೆ ಅಲ್ಲ. ಆಗಾಗ ಕನ್ನಡಿ ನೋಡಿ.

ಪೂಜೆ, ಅಲಂಕಾರ, ತೊಳೆಯುವುದು

ಆಯುಧಪೂಜೆ ಮಾಡಿ, ಆದರೆ ಮುಂದಿನ ಗಾಜಿನ ಮೇಲ್ತುದಿಗೆ ಕುಂಕುಮ, ವಿಭೂತಿ ಬಳಿಯಬಾರದು. ಅಲ್ಲಿ ಕ್ಯಾಮೆರಾ ಇದೆ. ಸ್ವಸ್ತಿಕ ಬರೆಯಲು ಬಾನೆಟ್ ಇದೆ. ಮುಂದಿನ ಲಾಂಛನದ ಮೇಲೂ ಕೆಳಗಿನ ಜಾಲರಿಯ ಮೇಲೂ ಚೆಂಡುಹೂವಿನ ಮಾಲೆ, ಬಾಳೆಕಂದು, ಮೆಣಸಿನಕಾಯಿ ನಿಂಬೆಹಣ್ಣಿನ ಸರ ಕಟ್ಟಿಕೊಂಡು ಹೆದ್ದಾರಿಗೆ ಹತ್ತಬಾರದು. ಹಲವು ಕಾರುಗಳಲ್ಲಿ ರೇಡಾರ್ ಅದರ ಹಿಂದೆಯೇ ಇದೆ. ಕಟ್ಟಿದ್ದರೆ ಮನೆ ಮುಂದೆ ಬಿಚ್ಚಿ ಹೊರಡಿ. ಕುಲದೇವರ ಹೆಸರಿನ ದೊಡ್ಡ ಸ್ಟಿಕ್ಕರ್ ಹಿಂದಿನ ಗಾಜಿಗೂ ಬೇಡ, ಮುಂದಿನದಕ್ಕಂತೂ ಸಲ್ಲದು.

ಕಬ್ಬಿಣದ ಬುಲ್ ಗಾರ್ಡ್ ಹಾಕಿಸಬಾರದು. ಕೇಂದ್ರ ಸಾರಿಗೆ ಸಚಿವಾಲಯ 2017ರಲ್ಲೇ ಅದು ಕಾನೂನುಬಾಹಿರ ಎಂದಿದೆ. ರೇಡಾರಿಗೂ ಅದು ಅಡ್ಡ. ಎರೆಮಣ್ಣಿನ ದಾರಿಯಲ್ಲಿ ಬಂದ ಮೇಲೆ ಬಂಪರಿನ ಕೆಸರನ್ನು ಒದ್ದೆ ಬಟ್ಟೆಯಿಂದ ಒರೆಸಿ. ನೀರಿನ ಗನ್ನನ್ನು ಅಲ್ಲಿಗೇ ಹತ್ತಿರ ಹಿಡಿದು ಹೊಡೆಯಬೇಡಿ. ಮುಂದಿನ ಗಾಜು ಒಡೆದು ಹೊಸದು ಹಾಕಿಸಿದರೆ, ಬಂಪರ್ ಬಿಚ್ಚಿ ಕೂಡಿಸಿದರೆ, ಕ್ಯಾಮೆರಾ ಮತ್ತು ರೇಡಾರನ್ನು ಮತ್ತೆ ಅಳತೆಗೆ ಹೊಂದಿಸಲೇಬೇಕು. ರೋಡ್ ಬದಿಯ ಗಾಜಿನ ಅಂಗಡಿಯಲ್ಲಿ ಅಗ್ಗಕ್ಕೆ ಮುಗಿಸಿಕೊಂಡರೆ, ಕೂದಲೆಳೆಯಷ್ಟು ಓರೆಯಾದ ಕ್ಯಾಮೆರಾ ನೂರು ಮೀಟರ್ ಆಚೆ ಪಕ್ಕದ ಲೇನಿನ ಗಾಡಿಯನ್ನು ನಿಮ್ಮ ಎದುರಿಗೆ ತಂದು ನಿಲ್ಲಿಸಬಹುದು.

ಖಡಾಖಂಡಿತ ಮಾಡಬಾರದ್ದು

ಕೈ ಇದೆಯೆಂದು ಕಾರನ್ನು ನಂಬಿಸಲು ಸ್ಟಿಯರಿಂಗಿಗೆ ನೀರಿನ ಬಾಟಲಿ ಕಟ್ಟಬಾರದು. ಚಾಲಕನ ಸೀಟು ಬಿಟ್ಟು ಪಕ್ಕದ ಸೀಟಿಗೆ ಸರಿದು ರೀಲ್ಸ್ ಮಾಡಬಾರದು. ಮುಂದೆ ಗೋಡೆಗೆ, ಗೆಳೆಯನಿಗೆ, ರಟ್ಟಿನ ಡಬ್ಬಕ್ಕೆ ಓಡಿಸಿ ಬ್ರೇಕ್ ಪರೀಕ್ಷೆ ಮಾಡಬಾರದು. ‘ಅಡಾಸ್ ಐತಿ’ ಎಂದು ಕುಡಿದು ಕೂಡಬಾರದು. ಲೈಸೆನ್ಸ್ ಇಲ್ಲದ ಮಗನಿಗೆ ಕೊಡಬಾರದು. 1988ರ ಮೋಟಾರು ವಾಹನ ಕಾಯ್ದೆಯ ಮುಂದೆ ಚಾಲಕ ನೀವೇ. ಕ್ಯಾಮೆರಾ ತಪ್ಪಾಗಿ ನೋಡಿತು ಎಂಬ ಜವಾಬು ಅಲ್ಲಿ ನಡೆಯದು.

ಗಾಡಿ ಕೆಟ್ಟರೆ ಎಡಕ್ಕೆ ಪೂರ್ತಿ ಇಳಿಸಿ, ನಾಲ್ಕೂ ಇಂಡಿಕೇಟರ್ ಹಾಕಿ, ಕೆಂಪು ತ್ರಿಕೋನವನ್ನು ಹಿಂದೆ ದೂರ ಇಡಿ, ಎಲ್ಲರೂ ತಡೆಗೋಡೆಯ ಆಚೆ ನಿಲ್ಲಿ. ಹೆದ್ದಾರಿ ಸಹಾಯವಾಣಿ 1033, ತುರ್ತಿಗೆ 112.

ಕಾರಿಲ್ಲದ ನಮ್ಮ ಊರವರಿಗೂ ಒಂದು ಮಾತು. ಟ್ರೇಲರಿನ ಹಿಂದೆ, ಚಕ್ಕಡಿಯ ಹಿಂದೆ, ನಿಲ್ಲಿಸಿದ ಲಾರಿಯ ಹಿಂದೆ ಕೆಂಪು ರಿಫ್ಲೆಕ್ಟರ್ ಪಟ್ಟಿ ಇಲ್ಲದಿದ್ದರೆ, ಇವತ್ತು ಕತ್ತಲಾಗುವುದರೊಳಗೆ ಅಂಟಿಸಿ.