ಬಲವಾದ ಇಂಜೆಕ್ಷನ್ ನಿಲ್ಲಿಸಿದರೆಂಬ ಚಿಂತೆ

ಪ್ರಶ್ನೆ: ನಮ್ಮ ತಂದೆಯವರಿಗೆ ವಯಸ್ಸು 62, ಬಹಳ ವರ್ಷಗಳಿಂದ ಶುಗರ್ ಇದೆ. ಹೊಲದಲ್ಲಿ ಜೋಳದ ಕೂಳೆ ಅಂಗಾಲಿಗೆ ನೆಟ್ಟದ್ದು ಅವರಿಗೆ ಗೊತ್ತೇ ಆಗಲಿಲ್ಲ. ವಾರದೊಳಗೆ ಕಾಲು ಬಾತು, ಚಳಿಜ್ವರ ಬಂದು, ಮಾತು ತಡವರಿಸತೊಡಗಿದಾಗ ಹುಬ್ಬಳ್ಳಿಯ ದವಾಖಾನೆಗೆ ಒಯ್ದೆವು. ಕೀವು ತೆಗೆದು, ಮೆರೊಪೆನೆಮ್ ಎಂಬ ಇಂಜೆಕ್ಷನ್ನನ್ನು ದಿನಕ್ಕೆ ಮೂರು ಸಲ ಕೊಟ್ಟರು. ನಾಲ್ಕನೆಯ ದಿನ ಜ್ವರ ಇಳಿದ ಮೇಲೆ ಅದನ್ನು ಬಿಡಿಸಿ, ಬೇರೊಂದು ಅಗ್ಗದ ಇಂಜೆಕ್ಷನ್ ಹಚ್ಚಿದ್ದಾರೆ. ಗುಣ ಕಾಣುವ ಹೊತ್ತಿಗೆ ಬಲವಾದುದನ್ನು ತೆಗೆದರೆ ರೋಗ ಮರುಕಳಿಸುವುದಿಲ್ಲವೇ? ಊರಲ್ಲಿ ಯಾರಿಗಾದರೂ ಜೋರು ಜ್ವರ ಬಂದರೆ ಮೊದಲೇ ಇದನ್ನು ಮಾಡಿಸಿದರೆ ಅಲೆದಾಟ ತಪ್ಪೀತಲ್ಲವೇ?
— ಓದುಗರು, ನವಲಗುಂದ ತಾಲೂಕು

ಉತ್ತರ: ನಿಮ್ಮ ಕಳವಳ ಸಹಜವಾದುದು, ಆದರೆ ಪತ್ರದಿಂದ ತಿಳಿದುಬರುವಷ್ಟರ ಮಟ್ಟಿಗೆ, ಔಷಧವನ್ನು ಬದಲಿಸಿದ ವೈದ್ಯರು ತಮ್ಮ ಕರ್ತವ್ಯವನ್ನು ಚೆನ್ನಾಗಿಯೇ ನೆರವೇರಿಸಿದ್ದಾರೆ.

ಬಹುಕಾಲದ ಮಧುಮೇಹವು ಪಾದದ ನರಗಳ ಸಂವೇದನೆಯನ್ನು ಕುಂದಿಸಿ, ರಕ್ತಸಂಚಾರವನ್ನೂ ಮಂದಗೊಳಿಸುವುದರಿಂದ, ಎರೆಹೊಲದಲ್ಲಿ ಬರಿಗಾಲಿನಿಂದ ನಡೆದ ರೈತನಿಗೆ ಕೂಳೆ ನೆಟ್ಟುದರ ಅರಿವೇ ಆಗದೆ, ಗಾಯವು ಒಳಗೊಳಗೇ ಕೀವುಗಟ್ಟಿ, ರೋಗಾಣುಗಳು ರಕ್ತವನ್ನು ಸೇರುವುದುಂಟು. ಉಸಿರಾಟದ ವೇಗ ಹೆಚ್ಚುವುದು, ರಕ್ತದೊತ್ತಡ ಕುಸಿಯುವುದು, ಮೂತ್ರ ಕಡಿಮೆಯಾಗುವುದು, ನಿಮ್ಮ ತಂದೆಯವರಲ್ಲಿ ಕಂಡಂತೆ ಮಾತು ತಡವರಿಸುವುದು, ಇವು ಸೆಪ್ಸಿಸ್ ಎಂಬ ಆ ವಿಪತ್ತಿನ ಲಕ್ಷಣಗಳು. ಇಂತಹ ಗಾಯದಲ್ಲಿ ಸ್ಟೆಫಿಲೋಕಾಕಸ್ ಇದ್ದೀತು, ಕರುಳಿನಲ್ಲಿ ವಾಸಿಸುವ ಇ. ಕೋಲಿ, ಕ್ಲೆಬ್ಸಿಯೆಲ್ಲಾಗಳು ಇದ್ದಾವು, ಗಾಳಿ ಸೋಕದೆಡೆ ಬೆಳೆಯುವ ಅಣುಜೀವಿಗಳೂ ಸೇರಿಕೊಂಡಿದ್ದಾವು. ಯಾವುದೆಂಬುದನ್ನು ಕಲ್ಚರ್ ಪರೀಕ್ಷೆಯಿಂದ ನಿರ್ಣಯಿಸಲು ಎರಡು ಮೂರು ದಿನ ಬೇಕು. ರಕ್ತದೊತ್ತಡ ಕುಸಿದ ರೋಗಿಗಾದರೋ ಮೊದಲ ಗಂಟೆಯೊಳಗೇ ಔಷಧ ದೊರೆಯಬೇಕು. ಆ ಎರಡು ಮೂರು ದಿನಗಳ ಅಜ್ಞಾನದ ಅವಧಿಯಲ್ಲಿ ಪ್ರಾಣ ಉಳಿಸುವುದಕ್ಕಾಗಿಯೇ, ಬಹುವಿಧ ರೋಗಾಣುಗಳನ್ನು ಏಕಕಾಲಕ್ಕೆ ಕೊಲ್ಲಬಲ್ಲ ಮೆರೊಪೆನೆಮ್‌ನಂತಹ ವಿಶಾಲವ್ಯಾಪ್ತಿಯ ಔಷಧಗಳಿರುವುದು. 1976ರಲ್ಲಿ ಬೆಳಕಿಗೆ ಬಂದ, ಮಣ್ಣಿನ ಅಣುಜೀವಿಯೊಂದು ಸ್ರವಿಸುವ ಥಿಯೆನಾಮೈಸಿನ್ ಈ ಕುಲದ ಮೂಲ. ಮೆರೊಪೆನೆಮ್‌ಗೆ ಗುಳಿಗೆಯ ರೂಪವಿಲ್ಲ. ವಯಸ್ಕರಿಗೆ ಸಾಮಾನ್ಯವಾಗಿ 1 ಗ್ರಾಂನಂತೆ ಎಂಟು ಗಂಟೆಗೊಮ್ಮೆ ರಕ್ತನಾಳದ ಮೂಲಕ ಕೊಡುತ್ತಾರೆ, ಮೂತ್ರಪಿಂಡ ದುರ್ಬಲವಾಗಿದ್ದರೆ ಪ್ರಮಾಣ ತಗ್ಗಿಸುತ್ತಾರೆ.

ಕಲ್ಚರ್ ವರದಿ ಕೈಸೇರಿ, ರೋಗಾಣು ಯಾವುದು, ಯಾವ ಔಷಧಕ್ಕೆ ಅದು ಮಣಿಯುತ್ತದೆ ಎಂಬುದು ಖಚಿತವಾದ ಮೇಲೆ, ಆ ಒಂದಕ್ಕೆ ತಕ್ಕ ಔಷಧವನ್ನಷ್ಟೇ ಮುಂದುವರಿಸುವುದು ಯೋಗ್ಯ ಚಿಕಿತ್ಸೆ. ಅಗ್ಗವಾದುದು ದುರ್ಬಲವೆಂದು ಭಾವಿಸಕೂಡದು: ಸಾಧಾರಣ ಸ್ಟೆಫಿಲೋಕಾಕಸ್‌ಗೆ ಸೆಫಜೋಲಿನ್ ಮೆರೊಪೆನೆಮ್‌ಗಿಂತ ಉಚಿತವಾದ ಔಷಧ, ಅದೇ ರೋಗಾಣುವಿನ ಎಂಆರ್‌ಎಸ್‌ಎ ಎಂಬ ಪ್ರಭೇದದ ಮೇಲೆ ಮೆರೊಪೆನೆಮ್‌ನ ಪ್ರಭಾವವೇ ಇಲ್ಲ. ವಿಶಾಲವ್ಯಾಪ್ತಿಯ ಔಷಧವನ್ನು ಅನಗತ್ಯವಾಗಿ ಲಂಬಿಸಿದರೆ ಕರುಳಿನ ಉಪಕಾರಿ ಜೀವಿಗಳೂ ನಾಶವಾಗಿ ತೀವ್ರ ಭೇದಿ ಉಂಟಾದೀತು. ಇನ್ನೊಂದು ಮಾತು: ಸತ್ತ ಮಾಂಸಕ್ಕೆ ರಕ್ತ ಹರಿಯದಾದ್ದರಿಂದ ಯಾವ ಇಂಜೆಕ್ಷನ್ನೂ ಅಲ್ಲಿಗೆ ತಲಪದು. ಕೀವು ತೆಗೆದು ಗಾಯ ಶುದ್ಧಗೊಳಿಸಿದ ಶಸ್ತ್ರವೈದ್ಯರಿಗೂ, ಸಕ್ಕರೆಯನ್ನು ಹತೋಟಿಗೆ ತಂದವರಿಗೂ ಈ ಗುಣದಲ್ಲಿ ದೊಡ್ಡ ಪಾಲುಂಟು.

ಊರಿನ ಜ್ವರಕ್ಕೆಲ್ಲ ಇದನ್ನೇ ಮಾಡಿಸಬಹುದೇ ಎಂಬ ಪ್ರಶ್ನೆಗೆ ನನ್ನ ಉತ್ತರ, ಖಂಡಿತ ಕೂಡದು. ಡೆಂಗೀ, ಚಿಕುನ್‌ಗುನ್ಯಾ, ಫ್ಲೂಗಳು ವೈರಸ್ಸಿನಿಂದ ಬರುವಂಥವು. ಅವುಗಳ ಮೇಲೆ ಇದು ನಿಷ್ಪ್ರಯೋಜಕ. ಪೊದೆ, ಹುಲ್ಲುಗಳ ನಡುವೆ ದುಡಿಯುವವರಿಗೆ ಸೂಕ್ಷ್ಮ ಹುಳುವಿನ ಕಡಿತದಿಂದ ತಗಲುವ ಸ್ಕ್ರಬ್ ಟೈಫಸ್ ಜ್ವರಕ್ಕೂ ಮೆರೊಪೆನೆಮ್ ನಾಟದು. ಕೆಲವೇ ರೂಪಾಯಿಗಳ ಡಾಕ್ಸಿಸೈಕ್ಲಿನ್ ಗುಳಿಗೆ ಅದನ್ನು ಗುಣಪಡಿಸುತ್ತದೆ. ಅಲ್ಲದೆ ಮೆರೊಪೆನೆಮ್ ಕುಲದ ಔಷಧಗಳನ್ನೇ ಛಿದ್ರಿಸಬಲ್ಲ ಎನ್‌ಡಿಎಮ್ ಎಂಬ ಕಿಣ್ವವುಳ್ಳ ರೋಗಾಣುಗಳು ನಮ್ಮ ದೇಶದಲ್ಲಿ ಹಬ್ಬಿವೆ. 2008ರಲ್ಲಿ ದೆಹಲಿಯ ಆಸ್ಪತ್ರೆಯಲ್ಲಿದ್ದು ಸ್ವೀಡನ್ನಿಗೆ ಮರಳಿದ ರೋಗಿಯೊಬ್ಬರಲ್ಲಿ ಅದು ಮೊದಲು ಪತ್ತೆಯಾಯಿತು. ಅಂತಹ ಸೋಂಕು ತಗಲಿದವರಿಗೆ ಮೂತ್ರಪಿಂಡಕ್ಕೆ ಅಪಾಯ ತರುವ ಕಾಲಿಸ್ಟಿನ್‌ನಂತಹ ಕೆಲವೇ ಔಷಧಗಳು ಉಳಿಯುತ್ತವೆ. ಆದುದರಿಂದಲೇ 2014ರ ಮಾರ್ಚ್‌ನಿಂದ ಮೆರೊಪೆನೆಮ್ ಎಚ್1 ಪಟ್ಟಿಯಲ್ಲಿದೆ. ಚೀಟಿಯಿಲ್ಲದೆ ಮಾರುವಂತಿಲ್ಲ, ಮಾರಿದ್ದನ್ನು ಅಂಗಡಿಯವರು ಪ್ರತ್ಯೇಕ ವಹಿಯಲ್ಲಿ ಬರೆದು ಮೂರು ವರ್ಷ ಕಾಪಾಡಬೇಕು. ಊರಿನಲ್ಲೇ ಒಂದೆರಡು ಡೋಸು ಮಾಡಿಸಿಕೊಂಡು ಬರುವ ರೋಗಿಯ ಕಲ್ಚರ್‌ನಲ್ಲಿ ರೋಗಾಣು ಬೆಳೆಯದೇ ಹೋಗಬಹುದು. ಆಗ ಮುಂದಿನ ವೈದ್ಯರು ಕತ್ತಲಲ್ಲಿ ತಡಕಾಡಬೇಕಾಗುತ್ತದೆ.

ತಂದೆಯವರು ಮನೆಗೆ ಬಂದ ಮೇಲೆ ಮೆಟ್ಟಿಲ್ಲದೆ ಹೊಲಕ್ಕೆ ಇಳಿಯದಿರಲಿ. ದಿನವೂ ರಾತ್ರಿ ಅವರ ಅಂಗಾಲನ್ನೂ ಬೆರಳ ಸಂದುಗಳನ್ನೂ ದೀಪದ ಬೆಳಕಿನಲ್ಲಿ ನೀವೇ ನೋಡಿರಿ.

ಪ್ರಶ್ನೆ: ನಮ್ಮ ತಾಯಿಯವರು ಫಿಟ್ಸ್‌ಗಾಗಿ ವಾಲ್ಪ್ರೊಯೇಟ್ ಗುಳಿಗೆ ನುಂಗುತ್ತಾರೆ, ಹಿಂದೊಮ್ಮೆ ಪೆನಿಸಿಲಿನ್ ಚುಚ್ಚಿದಾಗ ಮೈಯೆಲ್ಲ ದದ್ದು ಎದ್ದಿತ್ತು. ಮುಂದೆಂದಾದರೂ ಮೆರೊಪೆನೆಮ್ ಇಂಜೆಕ್ಷನ್ ಬೇಕಾದರೆ?
— ಓದುಗರು, ಕುಂದಗೋಳ

ಉತ್ತರ: ಮೆರೊಪೆನೆಮ್ ಕೊಟ್ಟ ಒಂದೆರಡು ದಿನಗಳಲ್ಲೇ ರಕ್ತದಲ್ಲಿ ವಾಲ್ಪ್ರೊಯೇಟ್‌ನ ಪ್ರಮಾಣ ತೀರ ಕುಸಿದು ಫಿಟ್ಸ್ ಮರಳಿ ಬರಬಹುದು, ಗುಳಿಗೆ ಹೆಚ್ಚಿಸಿದರೂ ಅದು ಸರಿಹೋಗದು. ಆದ್ದರಿಂದ ವೈದ್ಯರು ಬೇರೆ ಆಂಟಿಬಯಾಟಿಕ್ ಆರಿಸುತ್ತಾರೆ, ಇಲ್ಲವೇ ಫಿಟ್ಸ್‌ಗೆ ಬೇರೊಂದು ಔಷಧ ಸೇರಿಸುತ್ತಾರೆ. ಪೆನಿಸಿಲಿನ್ ಒಗ್ಗದವರಲ್ಲಿ ಮೆರೊಪೆನೆಮ್ ಒಗ್ಗದಿರುವುದು ವಿರಳ. ಆದರೂ ಆ ಸಂಗತಿ ವೈದ್ಯರಿಗೆ ತಿಳಿದಿರಲೇಬೇಕು. ಗುಳಿಗೆಯ ಹೆಸರನ್ನೂ ಪೆನಿಸಿಲಿನ್‌ನಿಂದ ಆದುದನ್ನೂ ಒಂದು ಕಾಗದದ ಮೇಲೆ ಬರೆದು, ತಾಯಿಯವರ ಆಧಾರ್ ಕಾರ್ಡಿನೊಡನೆ ಇಡಿರಿ. 108 ಅಂಬ್ಯುಲೆನ್ಸ್ ಬಂದ ದಿನ ಯಾರೇ ಜೊತೆಗೆ ಹೋಗಲಿ, ಆ ಕಾಗದವೂ ಹೋಗಲಿ.