ಹೊಕ್ಕುಳಬಳ್ಳಿ ಜಾರಿದರೆ ಆಸ್ಪತ್ರೆ ಸೇರುವ ತನಕ ಏನು ಮಾಡಬೇಕು?

ಗರ್ಭದಲ್ಲಿರುವ ಮಗುವಿಗೆ ಆಮ್ಲಜನಕ, ಆಹಾರ ಎರಡೂ ಮಾಸಿನಿಂದ ಹೊಕ್ಕುಳಬಳ್ಳಿಯ ಮೂಲಕವೇ ಬರಬೇಕು. ದಿನ ತುಂಬಿದಾಗ ಬಳ್ಳಿಯ ಉದ್ದ ಸುಮಾರು 50–60 ಸೆಂ.ಮೀ. ಅದರೊಳಗೆ ಮೂರು ರಕ್ತನಾಳಗಳಿದ್ದು, ಸುತ್ತ ತುಂಬಿರುವ ಲೋಳೆ ಅವು ಸುಲಭವಾಗಿ ಹಿಸುಕಿಹೋಗದಂತೆ ಕಾಯುತ್ತದೆ.

ಸ್ಕ್ಯಾನಿಂಗ್ ವರದಿಯಲ್ಲಿ ‘ಕುತ್ತಿಗೆಗೆ ಬಳ್ಳಿ ಸುತ್ತಿದೆ’ ಎಂದಿದ್ದರೆ ಮನೆಮಂದಿಯೆಲ್ಲ ಹೆದರುತ್ತಾರೆ. ಅಷ್ಟು ಹೆದರಬೇಕಾಗಿಲ್ಲ. ನಾಲ್ಕೈದು ಮಕ್ಕಳಲ್ಲಿ ಒಂದಕ್ಕೆ ಹುಟ್ಟುವಾಗ ಈ ಸುತ್ತು ಇರುತ್ತದೆ. ತಲೆ ಹೊರಬಂದೊಡನೆ ದಾದಿ ಬೆರಳು ತೂರಿಸಿ ಅದನ್ನು ಜಾರಿಸಿ ಬಿಡುತ್ತಾರೆ. ಇದೊಂದೇ ಕಾರಣಕ್ಕೆ ಸಿಸೇರಿಯನ್ ಬೇಕಿಲ್ಲ. ಬಸುರಿ ಕೈ ಮೇಲೆತ್ತಿದರೆ ಬಳ್ಳಿ ಸುತ್ತುತ್ತದೆ ಎಂಬ ಮಾತಿಗೂ ಆಧಾರವಿಲ್ಲ. ಮಗುವಿನ ಮಿಸುಕಾಟ ಕಡಿಮೆಯಾದರೆ ಮಾತ್ರ ಅಂದೇ ಪರೀಕ್ಷೆ ಮಾಡಿಸಬೇಕು.

ನಿಜವಾದ ತುರ್ತು ಬಳ್ಳಿ ಜಾರುವುದು. ನೀರಿನ ಚೀಲ ಒಡೆದಾಗ ಮಗುವಿಗಿಂತ ಮೊದಲು ಬಳ್ಳಿ ಕೆಳಗಿಳಿದರೆ, ಮಗುವಿನ ತಲೆಗೂ ತಾಯಿಯ ಸೊಂಟದ ಮೂಳೆಗೂ ನಡುವೆ ಸಿಕ್ಕಿ ರಕ್ತ ಹರಿಯುವುದು ನಿಲ್ಲುತ್ತದೆ. ಸಾವಿರ ಹೆರಿಗೆಗಳಲ್ಲಿ ಒಂದರಿಂದ ಆರರಲ್ಲಿ ಹೀಗಾಗಬಹುದು. ಮಗು ಅಡ್ಡಲಾಗಿ ಇಲ್ಲವೆ ಕಾಲು ಕೆಳಗಾಗಿ ಇದ್ದರೆ, ನೀರು ಅತಿಯಾಗಿದ್ದರೆ, ಅವಳಿ ಇದ್ದರೆ, ದಿನ ತುಂಬುವ ಮೊದಲೇ ನೋವು ಬಂದರೆ ಅಪಾಯ ಹೆಚ್ಚು. ಇಂಥವರು ದಿನ ಹತ್ತಿರವಾದಾಗ ಆಸ್ಪತ್ರೆಗೆ ಮೊದಲೇ ಸೇರುವುದು ಲೇಸು.

ನೀರು ಒಡೆದ ಮೇಲೆ ಯೋನಿಯಲ್ಲಿ ಮೆತ್ತಗಿನ ಹಗ್ಗದಂಥದ್ದು ಕಂಡರೆ ಅಥವಾ ತಾಕಿದರೆ ಮೊದಲು 108ಕ್ಕೆ ಕರೆ ಮಾಡಬೇಕು. ‘ಬಳ್ಳಿ ಹೊರಬಂದಿದೆ, ಆಪರೇಷನ್ ಆಗುವ ಆಸ್ಪತ್ರೆ ಬೇಕು’ ಎಂದೇ ಹೇಳಬೇಕು. ಮನೆಯ ಗುರುತನ್ನೂ ಹೇಳಬೇಕು: ಉದಾಹರಣೆಗೆ, ಹೊಸೂರಿನ ಬಳಿಯ ತೊರಪಲ್ಲಿ ಅಗ್ರಹಾರದವರು ರಾಜಾಜಿ ಹುಟ್ಟಿದ ಮನೆಯನ್ನು ಗುರುತಾಗಿ ಹೇಳಿದರೆ ಚಾಲಕರು ಹುಡುಕಾಡಬೇಕಾಗಿಲ್ಲ. ಅವರಿಗೆ ಹತ್ತಿರದ ಊರು ಹೊಸೂರು. ಅಲ್ಲಿನ ಸರ್ಕಾರಿ ಆಸ್ಪತ್ರೆಗೆ ಮೊದಲೇ ಸುದ್ದಿ ಮುಟ್ಟಿದರೆ ಶಸ್ತ್ರಚಿಕಿತ್ಸೆಯ ಕೋಣೆ ಸಿದ್ಧವಾಗಿರುತ್ತದೆ.

ಗಾಡಿ ಬರುವ ತನಕ ತಾಯಿ ಮಂಡಿಯೂರಿ, ಎದೆಯನ್ನು ಹಾಸಿಗೆಗೆ ತಾಗಿಸಿ, ಸೊಂಟ ಮೇಲಕ್ಕೆತ್ತಿರಬೇಕು. ಆಗ ಮಗುವಿನ ಭಾರ ಬಳ್ಳಿಯ ಮೇಲಿಂದ ಸರಿಯುತ್ತದೆ. ನೋವು ಬಂದರೂ ತಿಣುಕಬಾರದು, ಬಾಯಿಂದ ಸಣ್ಣಗೆ ಉಸಿರು ಬಿಡುತ್ತಿರಬೇಕು. ಬಳ್ಳಿಯನ್ನು ಒಳಗೆ ತಳ್ಳುವುದು, ಎಳೆಯುವುದು, ಪದೇ ಪದೇ ಮುಟ್ಟುವುದು ಬೇಡವೇ ಬೇಡ: ಮುಟ್ಟಿದಷ್ಟೂ ಅದರ ರಕ್ತನಾಳಗಳು ಬಿಗಿದುಕೊಳ್ಳುತ್ತವೆ. ಒಗೆದ ಒಣಬಟ್ಟೆ ಮುಚ್ಚಿದರೆ ಸಾಕು. ಅರಿವಳಿಕೆ ಕೊಡಬೇಕಾಗಬಹುದು, ಹಾಗಾಗಿ ಕಾಫಿ, ಗಂಜಿ ಏನನ್ನೂ ಕೊಡಬಾರದು. ಬಳ್ಳಿ ಕಂಡ ಹೊತ್ತನ್ನು ಬರೆದಿಟ್ಟುಕೊಂಡರೆ ವೈದ್ಯರಿಗೆ ಉಪಯೋಗ. ಓಡುವ ಗಾಡಿಯಲ್ಲಿ ಮಂಡಿಯೂರುವುದು ಸುರಕ್ಷಿತವಲ್ಲ. ಎಡಮಗ್ಗುಲಿಗೆ ಮಲಗಿಸಿ ಸೊಂಟದಡಿ ದಿಂಬು ಇಡಬೇಕು.

ಆಸ್ಪತ್ರೆಯಲ್ಲಿ ಗ್ಲೌಸ್ ತೊಟ್ಟ ಕೈಯಿಂದ ಮಗುವಿನ ತಲೆಯನ್ನು ಮೇಲೆತ್ತಿ ಹಿಡಿಯುತ್ತಾರೆ. ತಡವಾಗುವಂತಿದ್ದರೆ ಮೂತ್ರಕೋಶಕ್ಕೆ 500–750 ಮಿ.ಲೀ. ಸಲೈನ್ ತುಂಬಿಸಿಯೂ ತಲೆ ಕೆಳಗಿಳಿಯದಂತೆ ತಡೆಯುತ್ತಾರೆ. ಹೆರಿಗೆ ಆಗಲೇ ಮುಗಿಯುವಂತಿಲ್ಲದಿದ್ದರೆ ತಕ್ಷಣ ಸಿಸೇರಿಯನ್. ಸಹಿಗೆಂದು ಹಿರಿಯರನ್ನು ಕಾಯುವುದು ಇಲ್ಲಿ ಜೀವಕ್ಕೆ ಎರವಾದೀತು. ಒಪ್ಪಿಗೆ ಕೊಡಬೇಕಾದವರು ತಾಯಿಯೇ.

ನೀರು ಒಡೆದೊಡನೆ ನೋವಿಲ್ಲದೆ ರಕ್ತ ಬಂದರೂ ಇದೇ ಅವಸರ ಬೇಕು. ಬಳ್ಳಿಯ ರಕ್ತನಾಳ ಗರ್ಭಕೋಶದ ಬಾಯಿಗೆ ಅಡ್ಡ ಹಾದಿದ್ದು ಹರಿದಿದ್ದರೆ, ಹೋಗುತ್ತಿರುವುದು ಮಗುವಿನ ರಕ್ತ. ಇದು ಅಪರೂಪ, ಸ್ಕ್ಯಾನಿಂಗಿನಲ್ಲಿ ಮೊದಲೇ ಗೊತ್ತಾದರೆ ನೋವು ಶುರುವಾಗುವ ಮುನ್ನವೇ ಸಿಸೇರಿಯನ್‌ಗೆ ದಿನ ನಿಗದಿ ಮಾಡುತ್ತಾರೆ.