ವಾಹನದ ಸಸ್ಪೆನ್ಷನ್ ಮಾರ್ಪಾಡು: ಕಾನೂನಿನ ಮಿತಿ, ಮಾಲೀಕರ ಹಕ್ಕು

ಸ್ಪ್ರಿಂಗ್ ಕತ್ತರಿಸಿ ಕಾರನ್ನು ತಗ್ಗಿಸುವುದು, ಸ್ಪೇಸರ್ ಕೂರಿಸಿ ಎತ್ತರಿಸುವುದು, ಸರಕು ಗಾಡಿಗೆ ಹೆಚ್ಚುವರಿ ಕಮಾನುಪಟ್ಟಿ ಸೇರಿಸುವುದು ಇವೆಲ್ಲ ಸಸ್ಪೆನ್ಷನ್ ಮಾರ್ಪಾಡುಗಳು. ಹುಕ್ಕೇರಿ ತಾಲ್ಲೂಕಿನ ಸಂಕೇಶ್ವರದಲ್ಲಿ ಹೊಲದ ಕಚ್ಚಾ ದಾರಿಯಲ್ಲಿ ಓಡುವ ಗಾಡಿಯೇ ಬೆಳಗಾವಿ–ಕೊಲ್ಹಾಪುರ ನಡುವಿನ ರಾಷ್ಟ್ರೀಯ ಹೆದ್ದಾರಿ 48ಕ್ಕೂ ಇಳಿಯುತ್ತದೆ. ಕಚ್ಚಾ ದಾರಿಗೆಂದು ಎತ್ತರಿಸಿದ ಕಾರಿನ ಭಾರಕೇಂದ್ರ ಮೇಲೇರುವುದರಿಂದ ವೇಗದ ತಿರುವಿನಲ್ಲಿ ಅದು ಮಗುಚುವ ಅಪಾಯ ಹೆಚ್ಚು. ಸ್ಪ್ರಿಂಗ್ ಕತ್ತರಿಸಿದ ಕಾರಿನಲ್ಲಿ ಚಕ್ರದ ಅಲೈನ್‌ಮೆಂಟ್ ತಪ್ಪುತ್ತದೆ, ಟೈರ್ ಒಂದೇ ಬದಿ ಸವೆಯುತ್ತದೆ. ಮುಂಭಾಗ ಮಾತ್ರ ಎತ್ತರವಾದರೆ ಹೆಡ್‌ಲೈಟ್ ಎದುರಿನ ಚಾಲಕನ ಕಣ್ಣಿಗೆ ಬಡಿಯುತ್ತದೆ. ಕಬ್ಬಿನ ಹಂಗಾಮಿನಲ್ಲಿ ಹೆಚ್ಚು ಹೇರಲೆಂದು ಕಮಾನುಪಟ್ಟಿ ಸೇರಿಸಿದರೂ ಬ್ರೇಕ್ ಮತ್ತು ಆಕ್ಸಲ್‌ನ ಸಾಮರ್ಥ್ಯ ಮೊದಲಿನಷ್ಟೇ ಉಳಿಯುತ್ತದೆ.

ಕಾನೂನು ಹೇಳುವುದೇನು?

ಮೋಟಾರು ವಾಹನ ಕಾಯ್ದೆ, 1988ರ 52ನೇ ಕಲಂ ಪ್ರಕಾರ, ನೋಂದಣಿ ಪತ್ರದ ವಿವರಗಳು ತಯಾರಕರು ಮೂಲತಃ ನಿಗದಿಪಡಿಸಿದ್ದಕ್ಕಿಂತ ಬೇರೆಯಾಗುವಂತೆ ಮಾಲೀಕರು ವಾಹನವನ್ನು ಬದಲಿಸುವಂತಿಲ್ಲ. ವಾಹನದ ಮೂಲ ಲಕ್ಷಣವೇ ಬದಲಾಗುವಂತೆ ಅದರ ರಚನೆಯನ್ನು ಮಾರ್ಪಡಿಸುವುದನ್ನು ಈ ಕಲಂ ಬದಲಾವಣೆ ಎಂದು ಪರಿಗಣಿಸುತ್ತದೆ. ಕೇರಳದಿಂದ ಬಂದ ಕೆ. ಜಯಚಂದ್ರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2019ರ ಜನವರಿ 9ರಂದು ಇದೇ ನಿಲುವನ್ನು ಎತ್ತಿಹಿಡಿಯಿತು.

ಸವೆದ ಶಾಕ್ ಅಬ್ಸಾರ್ಬರ್, ಬುಷ್ ಅಥವಾ ಮುರಿದ ಸ್ಪ್ರಿಂಗ್ ತೆಗೆದು ಅದೇ ಮಾದರಿಗೆ ತಯಾರಕರು ಸೂಚಿಸಿದ ಅಳತೆಯ ಭಾಗ ಹಾಕಿಸುವುದು ದುರಸ್ತಿ. ಅದಕ್ಕೆ ಅನುಮತಿ ಬೇಕಿಲ್ಲ. ಅಂಗವಿಕಲರ ಬಳಕೆಗೆ ಹೊಂದುವಂತೆ ವಾಹನವನ್ನು ಮಾರ್ಪಡಿಸಲು 52ನೇ ಕಲಂ ಪ್ರತ್ಯೇಕ ಅವಕಾಶ ನೀಡಿದೆ. ಅದಕ್ಕೆ ನೋಂದಣಿ ಪ್ರಾಧಿಕಾರದ ಅನುಮೋದನೆ ಪಡೆಯಬೇಕು.

2019ರ ತಿದ್ದುಪಡಿಯಿಂದ ಸೇರಿದ 182ಎ ಕಲಂ ಪ್ರಕಾರ, ಅನುಮತಿಯಿಲ್ಲದ ಪ್ರತಿ ಬದಲಾವಣೆಗೆ ಮಾಲೀಕರಿಗೆ ಆರು ತಿಂಗಳವರೆಗೆ ಸೆರೆವಾಸ, ಇಲ್ಲವೇ 5,000 ರೂಪಾಯಿ ದಂಡ, ಅಥವಾ ಎರಡೂ ಆಗಬಹುದು. ಕಾಯ್ದೆಯ ವ್ಯಾಖ್ಯೆಯಲ್ಲಿ ವಾಹನ ದುರಸ್ತಿ ಮಾಡುವವರೂ ಡೀಲರ್‌ಗಳೇ ಆದ್ದರಿಂದ ಗ್ಯಾರೇಜಿನವರಿಗೂ ಹೊಣೆಯಿದೆ. ಅವರಿಗೆ ಒಂದು ವರ್ಷದವರೆಗೆ ಸೆರೆವಾಸ, ಇಲ್ಲವೇ ವಾಹನವೊಂದಕ್ಕೆ ಒಂದು ಲಕ್ಷ ರೂಪಾಯಿ ದಂಡ, ಅಥವಾ ಎರಡೂ ಆಗಬಹುದು. ದೋಷ ಗೊತ್ತಿದ್ದೂ ಗಾಡಿಯನ್ನು ರಸ್ತೆಗಿಳಿಸಿದರೆ 190ನೇ ಕಲಂ ಅನ್ವಯಿಸುತ್ತದೆ. ಮಿತಿಮೀರಿ ಹೇರಿದ ಸರಕಿಗೆ 194ನೇ ಕಲಂ ಅಡಿ 20,000 ರೂಪಾಯಿ ಮತ್ತು ಹೆಚ್ಚುವರಿ ಪ್ರತಿ ಟನ್ನಿಗೆ 2,000 ರೂಪಾಯಿ ದಂಡವಿದೆ.

ತಪಾಸಣೆ ಯಾವಾಗ?

ಖಾಸಗಿ ಕಾರಿನ ನೋಂದಣಿ 15 ವರ್ಷ ಚಾಲ್ತಿಯಲ್ಲಿರುತ್ತದೆ. ಆಮೇಲೆ ನಮೂನೆ 25ರಲ್ಲಿ ಅರ್ಜಿ ಸಲ್ಲಿಸಿ, ವಾಹನವನ್ನು ತಪಾಸಣೆಗೆ ಒಪ್ಪಿಸಿ, ಐದು ವರ್ಷಕ್ಕೆ ನವೀಕರಿಸಿಕೊಳ್ಳಬೇಕು. ಬಾಡಿಗೆ ಹಾಗೂ ಸರಕು ವಾಹನಗಳಿಗೆ 56ನೇ ಕಲಂ ಪ್ರಕಾರ ಫಿಟ್‌ನೆಸ್ ಪ್ರಮಾಣಪತ್ರ ಕಡ್ಡಾಯ. ಎಂಟು ವರ್ಷದವರೆಗಿನ ವಾಹನಕ್ಕೆ ಅದು ಎರಡು ವರ್ಷಕ್ಕೊಮ್ಮೆ, ಅದಕ್ಕಿಂತ ಹಳೆಯದಕ್ಕೆ ವರ್ಷಕ್ಕೊಮ್ಮೆ.

ತಪಾಸಣೆಗೆ ಮೊದಲು ಸ್ಪ್ರಿಂಗ್, ಶಾಕ್ ಅಬ್ಸಾರ್ಬರ್‌ನ ಎಣ್ಣೆ ಸೋರಿಕೆ, ಸ್ಟೀರಿಂಗ್ ಸಡಿಲ, ಬ್ರೇಕ್, ಟೈರ್ ಸವೆತ ಮತ್ತು ಹೆಡ್‌ಲೈಟ್ ದಿಕ್ಕು ನೋಡಿಸಿಕೊಳ್ಳುವುದು ಒಳ್ಳೆಯದು. ಮಾರ್ಪಾಡು ಆಗಿದ್ದರೆ ಮೂಲ ಅಳತೆಯ ಭಾಗಗಳನ್ನು ಮರಳಿ ಹಾಕಿಸಿ ಬಿಲ್ಲು ಇಟ್ಟುಕೊಳ್ಳಬೇಕು. ಸೆಕೆಂಡ್ ಹ್ಯಾಂಡ್ ಕಾರು ಕೊಳ್ಳುವವರು ಹಣ ಕೊಡುವ ಮುನ್ನವೇ ಕಾರಿನ ಕೆಳಭಾಗವನ್ನು ಮೆಕ್ಯಾನಿಕ್‌ಗೆ ತೋರಿಸಬೇಕು. ಮೊದಲಿನ ಮಾಲೀಕರು ಮಾಡಿಸಿದ ಮಾರ್ಪಾಡಿನ ತೊಂದರೆ ಮುಂದೆ ಇವರ ತಲೆಗೇ ಬರುತ್ತದೆ.

ಮಾಲೀಕರ ಹಕ್ಕುಗಳು

ವಾಹನ ಸಾರ್ವಜನಿಕರಿಗೆ ಅಪಾಯಕಾರಿ ಎನಿಸಿದರೆ 53ನೇ ಕಲಂ ಅಡಿ ನೋಂದಣಿಯನ್ನು ಅಮಾನತಿನಲ್ಲಿಡಬಹುದು. ಆದರೆ ಅದಕ್ಕೆ ಮೊದಲು ಮಾಲೀಕರಿಗೆ ನೋಟಿಸ್ ನೀಡಿ ಅಹವಾಲು ಹೇಳಿಕೊಳ್ಳಲು ಅವಕಾಶ ಕೊಡಬೇಕು ಮತ್ತು ಕಾರಣಗಳನ್ನು ಬರಹದಲ್ಲಿ ದಾಖಲಿಸಬೇಕು. ದೋಷ ಸರಿಪಡಿಸಿ ತೋರಿಸಿದರೆ ದೋಷದ ಕಾರಣಕ್ಕಾದ ಅಮಾನತು ಮುಂದುವರಿಯುವಂತಿಲ್ಲ. ಅಮಾನತು ಅಡೆತಡೆಯಿಲ್ಲದೆ ಆರು ತಿಂಗಳು ಮೀರಿದರೆ ನೋಂದಣಿಯೇ ರದ್ದಾಗಬಹುದು. ಆದ್ದರಿಂದ ದುರಸ್ತಿಯನ್ನು ಮುಂದೂಡಬಾರದು. ನೋಂದಣಿ ಅಥವಾ ಫಿಟ್‌ನೆಸ್ ಕುರಿತ ಆದೇಶ ಒಪ್ಪಿಗೆಯಾಗದಿದ್ದರೆ, ಅದು ಕೈಸೇರಿದ 30 ದಿನಗಳೊಳಗೆ 57ನೇ ಕಲಂ ಪ್ರಕಾರ ಮೇಲ್ಮನವಿ ಸಲ್ಲಿಸಬಹುದು.

ರಸ್ತೆಯಲ್ಲಿ ತಪಾಸಣೆ ನಡೆದಾಗ ಡಿಜಿಲಾಕರ್ ಅಥವಾ ಎಂಪರಿವಾಹನ್‌ನಲ್ಲಿರುವ ದಾಖಲೆ ತೋರಿಸಿದರೂ ಸಾಕು. ದಂಡ ಕಟ್ಟಿದರೆ ರಸೀದಿ ಕೇಳಿ ಪಡೆಯಬೇಕು. ತಪ್ಪನ್ನು ಒಪ್ಪದವರು ನ್ಯಾಯಾಲಯದಲ್ಲಿ ವಾದಿಸಬಹುದು.

ಗ್ಯಾರೇಜು ತಪ್ಪು ಭಾಗ ಹಾಕಿದ್ದರೆ ಅಥವಾ ಕಾನೂನುಬದ್ಧವೆಂದು ನಂಬಿಸಿ ಮಾರ್ಪಾಡು ಮಾಡಿದ್ದರೆ ಗ್ರಾಹಕ ಸಂರಕ್ಷಣಾ ಕಾಯ್ದೆ, 2019ರ ಅಡಿ ಎರಡು ವರ್ಷದೊಳಗೆ ಬೆಳಗಾವಿಯ ಜಿಲ್ಲಾ ಗ್ರಾಹಕ ಆಯೋಗಕ್ಕೆ ದೂರು ಕೊಡಬಹುದು. ಕೊಟ್ಟ ಹಣ ಐದು ಲಕ್ಷ ರೂಪಾಯಿ ಮೀರದಿದ್ದರೆ ದೂರಿಗೆ ಶುಲ್ಕವಿಲ್ಲ. ಬಿಲ್ಲು, ಕಳಚಿದ ಹಳೆಯ ಭಾಗ, ಕೆಲಸಕ್ಕೆ ಮುಂಚಿನ ಮತ್ತು ನಂತರದ ಫೋಟೊಗಳು ಅಲ್ಲಿ ಮುಖ್ಯ ಸಾಕ್ಷ್ಯವಾಗುತ್ತವೆ.